ಅಪ್ಪ ಅಮ್ಮ ಇಬ್ಬರೇ ಇರುವ ಮನೆಗೆ ಮಾತು ಕೇಳುವ ಸ್ಪೀಕರ್: ಲೈಟಿಗೆ ಒಳ್ಳೆಯದು, ಪಂಪಿಗೆ ಬೇಡ

ಶೆಟ್ರೇ, ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಹೆಬ್ರಿ ಕಡೆ ತೋಟದ ಮನೆ, ಅಪ್ಪ ಅಮ್ಮ ಇಬ್ಬರೇ ಇರುವುದು, ಬೆಂಗಳೂರಿನಲ್ಲಿರುವ ನಿಮ್ಮ ತಮ್ಮ ಅಮೆಜಾನ್ ಕಂಪನಿಯ ಅಲೆಕ್ಸಾ ಸ್ಪೀಕರ್ ಕಳಿಸುತ್ತೇನೆ ಅಂತಿದ್ದಾರೆ. ಅದಕ್ಕೆ ಕನ್ನಡ, ತುಳು ಗೊತ್ತಾಗುತ್ತದಾ, ತೋಟದ ಪಂಪ್ ಅದರಿಂದ ಹಾಕಬಹುದಾ, ಮನೆಯ ಮಾತೆಲ್ಲ ಕೇಳಿಕೊಂಡು ಕೂರುತ್ತದಾ ಅಂತ ಕೇಳಿದ್ದೀರಿ. ಗುಂಪಿನಲ್ಲಿ ನಿಮಗೆ ಉತ್ತರ ಕೊಟ್ಟವರಲ್ಲಿ ಒಬ್ಬರು ಸುಮ್ನೆ ದುಡ್ಡು ದಂಡ ಅಂದಿದ್ದಾರೆ, ಇನ್ನೊಬ್ಬರು ಪಂಪ್, ಗೇಟ್, ಗೀಸರ್ ಎಲ್ಲ ಅದಕ್ಕೇ ಕೊಟ್ಟುಬಿಡಿ ಅಂದಿದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ನಮ್ಮದು ಬ್ರಹ್ಮಾವರದ ಹತ್ತಿರ ಹಳೆಯ ಮುರಕಲ್ಲಿನ ಮನೆ. ಅಪ್ಪನಿಗೆ ಎಂಬತ್ತು ದಾಟಿದೆ, ಅಮ್ಮನಿಗೆ ಮೊಣಕಾಲು ನೋವು. ಅವರಿಗೆ ಇದರಿಂದ ನಿಜವಾಗಿ ಉಪಕಾರ ಆಗಿದೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ಯಾವುದೇ ಕೆಲಸವನ್ನು ಸ್ಪೀಕರಿಗೆ ಒಪ್ಪಿಸುವ ಮೊದಲು, ಇದು ಕೇಳಿಸಿಕೊಳ್ಳದೇ ಹೋದರೆ ಅಥವಾ ತಪ್ಪಾಗಿ ಕೇಳಿಸಿಕೊಂಡರೆ ಏನಾಗುತ್ತದೆ ಅಂತ ಯೋಚಿಸಿ. ಅಂಗಳದ ಲೈಟ್ ಹೊತ್ತಲಿಲ್ಲವಾ, ಎದ್ದು ಸ್ವಿಚ್ ಹಾಕಿದರೆ ಆಯಿತು. ಪಂಪ್ ಹೇಳದೇ ಕೇಳದೇ ಚಾಲೂ ಆದರೆ ಹಾಗಲ್ಲ. ಹೀಗೆ ಯೋಚಿಸಿದರೆ ಯಾವುದು ಕೊಡಬೇಕು, ಯಾವುದು ಬೇಡ ಅನ್ನುವುದು ಅರ್ಧ ನಿಮಗೇ ಗೊತ್ತಾಗುತ್ತದೆ.

ಭಾಷೆಯ ವಿಷಯ. ಅಲೆಕ್ಸಾ ಸ್ಪೀಕರಿಗೆ ನಮ್ಮ ದೇಶದಲ್ಲಿ ಇರುವುದು ಇಂಗ್ಲಿಷ್ ಮತ್ತು ಹಿಂದಿ. ಎರಡನ್ನೂ ಒಟ್ಟಿಗೆ ಇಡಲಿಕ್ಕೂ ಆಗುತ್ತದೆ. ಕನ್ನಡ ಇಲ್ಲ, ತುಳುವಂತೂ ಇಲ್ಲವೇ ಇಲ್ಲ. ಇದು ನನಗೆ ನಿಜವಾಗಿ ಬೇಸರದ ವಿಷಯ, ಯಾಕೆಂದರೆ ಇದರ ಉಪಯೋಗ ಜಾಸ್ತಿ ಬೇಕಾಗಿರುವುದು ಫೋನಿನ ಅಕ್ಷರ ಕಾಣದ, ಇಂಗ್ಲಿಷ್ ಬಾರದ ಹಿರಿಯರಿಗೇ. ಆದರೆ ಅಷ್ಟಕ್ಕೇ ಕೈಬಿಡಬೇಡಿ, ದಾರಿ ಉಂಟು.

ಸ್ಪೀಕರ್ ಏನು ಕೇಳಿಸಿಕೊಂಡಿತು ಅನ್ನುವುದು ಫೋನಿನ ಆ್ಯಪ್‌ನಲ್ಲಿ ಬರಹದಲ್ಲಿ ಸಿಗುತ್ತದೆ, ವಾಯ್ಸ್ ಹಿಸ್ಟರಿ ಅಂತ ಇರುತ್ತದೆ ನೋಡಿ. ನಿಮ್ಮ ಅಪ್ಪನನ್ನು ಸ್ಪೀಕರ್ ಹತ್ತಿರ ಕೂರಿಸಿ, ಅವರು ದಿನಾ ಹೇಗೆ ಹೇಳುತ್ತಾರೋ ಹಾಗೆಯೇ "ಅಲೆಕ್ಸಾ, ಅಂಗಳ ಲೈಟ್" ಅಂತ ನಾಲ್ಕೈದು ಸಲ ಹೇಳಿಸಿ. ಆಮೇಲೆ ಹಿಸ್ಟರಿ ತೆಗೆದು ನೋಡಿ. ಅಂಗಳ ಅನ್ನುವುದನ್ನು ಅದು ಯಾವುದೋ ಇಂಗ್ಲಿಷ್ ಶಬ್ದ ಅಂತ ಬರೆದುಕೊಂಡಿರುತ್ತದೆ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಶಬ್ದ ಬಂದಿದ್ದರೆ ಆ ಶಬ್ದವನ್ನೇ ರೂಟೀನ್‌ನ (ಇಂಥ ಮಾತು ಕೇಳಿದರೆ ಇಂಥ ಕೆಲಸ ಮಾಡು ಅಂತ ಆ್ಯಪ್‌ನಲ್ಲಿ ಹೊಂದಿಸಿಡುವುದು) ವಾಕ್ಯವಾಗಿ ಹಾಕಿ. ಒಂದೇ ರೂಟೀನಿಗೆ ಒಂದಕ್ಕಿಂತ ಜಾಸ್ತಿ ವಾಕ್ಯ ಕೊಡಬಹುದು, ಹಾಗಾಗಿ ಅಪ್ಪ ಹೇಳುವ ರೀತಿ ಒಂದು, ಅಮ್ಮ ಹೇಳುವ ರೀತಿ ಇನ್ನೊಂದು ಅಂತ ಎರಡನ್ನೂ ಸೇರಿಸಬಹುದು. ನಮ್ಮಲ್ಲಿ ಅಪ್ಪ "ಲೈಟ್ ಪಾಡ್ಲ" ಅಂತ ತುಳುವಿನಲ್ಲೇ ಹೇಳುವುದು, ಚಾವಡಿಯ ಲೈಟ್ ಹೊತ್ತುತ್ತದೆ. ಪ್ರತಿ ಸಲ ಬೇರೆ ಬೇರೆ ಶಬ್ದ ಬರುತ್ತಿದ್ದರೆ ಆ ಹೆಸರು ಬಿಟ್ಟು ಬೇರೆ ಹೆಸರು ಹುಡುಕಿ. ಎರಡು ಲೈಟಿಗೆ ಹತ್ತಿರ ಹತ್ತಿರದ ಹೆಸರೂ ಬೇಡ. ಹಟ್ಟಿ (ದನದ ಕೊಟ್ಟಿಗೆ) ಮತ್ತು ಅಟ್ಟ ಎರಡನ್ನೂ ಇಟ್ಟರೆ ಒಂದು ಹೇಳಿದಾಗ ಇನ್ನೊಂದು ಹೊತ್ತುವುದು ಗ್ಯಾರಂಟಿ.

ಇನ್ನೂ ಒಂದು. ಎಂಬತ್ತು ವರ್ಷದವರಿಗೆ ಹೊಸ ವಾಕ್ಯ ಬಾಯಿಪಾಠ ಮಾಡಿಸಲಿಕ್ಕೆ ಹೋಗಬೇಡಿ ಮಾರಾಯ್ರೇ. ಅವರ ಮಾತಿಗೆ ತಕ್ಕಂತೆ ನಾವು ಆ್ಯಪ್ ಹೊಂದಿಸಬೇಕು. ಎಲ್ಲ ಒಂದೇ ದಿನ ಕಲಿಸುವುದೂ ಬೇಡ. ಮೊದಲು ಒಂದು ಲೈಟ್, ಅದು ಅಭ್ಯಾಸ ಆದ ಮೇಲೆ ಇನ್ನೊಂದು.

ಲೈಟಿಗೆ ಏನು ಹಾಕುವುದು? ಅಂಗಡಿಯಲ್ಲಿ ಮೊದಲು ಸ್ಮಾರ್ಟ್ ಬಲ್ಬ್, ಅಂದರೆ ಸ್ಪೀಕರಿನ ಮಾತಿಗೆ ತಾನೇ ಹೊತ್ತುವ ಬಲ್ಬ್ ತೋರಿಸುತ್ತಾರೆ. ಹಿರಿಯರ ಮನೆಗೆ ಅದು ಸರಿಹೋಗುವುದಿಲ್ಲ. ರೂಮಿನಿಂದ ಹೊರಗೆ ಬರುವಾಗ ಗೋಡೆಯ ಸ್ವಿಚ್ ಆಫ್ ಮಾಡುವುದು ಅವರಿಗೆ ಕೈ ಅಭ್ಯಾಸ. ಸ್ವಿಚ್ ಆಫ್ ಆದರೆ ಬಲ್ಬಿಗೆ ಕರೆಂಟೇ ಇಲ್ಲ, ಆಮೇಲೆ ಎಷ್ಟು ಕರೆದರೂ ಹೊತ್ತುವುದಿಲ್ಲ. ಇದರ ಬದಲು ಸ್ವಿಚ್ ಬೋರ್ಡಿನ ಒಳಗೆ, ಸ್ವಿಚ್ಚಿನ ಹಿಂದೆ ಕೂರಿಸುವ ಸಣ್ಣ ವೈಫೈ ರಿಲೇ ಮಾಡ್ಯೂಲ್ (ವೈಫೈ ಮೂಲಕ ಆನ್ ಆಫ್ ಆಗುವ ಒಳ ಸ್ವಿಚ್) ಬರುತ್ತದೆ, ಅದನ್ನು ಹಾಕಿಸಿ. ಸ್ವಿಚ್ ಒತ್ತಿದರೂ ಲೈಟ್ ಹೊತ್ತುತ್ತದೆ, ಬಾಯಲ್ಲಿ ಹೇಳಿದರೂ ಹೊತ್ತುತ್ತದೆ. ಇಂಟರ್ನೆಟ್ ಹೋದ ದಿನವೂ ಮನೆ ಮೊದಲಿನ ಹಾಗೆಯೇ ನಡೆಯುತ್ತದೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು.

ಆ ಮಾಡ್ಯೂಲಿಗೆ ಸಾಮಾನ್ಯವಾಗಿ ನ್ಯೂಟ್ರಲ್ ವೈರ್ (ಕರೆಂಟ್ ವಾಪಸ್ ಹೋಗುವ ವೈರ್) ಬೇಕು. ಹಳೆಯ ವೈರಿಂಗ್‌ನಲ್ಲಿ ಬರೀ ಸ್ವಿಚ್ ಇರುವ ಬೋರ್ಡಿಗೆ ನ್ಯೂಟ್ರಲ್ ತಂದಿರುವುದಿಲ್ಲ. ಪ್ಲಗ್ ಪಾಯಿಂಟ್ ಇರುವ ಬೋರ್ಡ್ ಆದರೆ ಒಳಗೆ ನ್ಯೂಟ್ರಲ್ ಇದ್ದೇ ಇರುತ್ತದೆ. ಕೆಲಸ ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ, ಎಂಸಿಬಿ (ಮೀಟರ್ ಹತ್ತಿರ ಕರೆಂಟ್ ಬಂದ್ ಮಾಡುವ ಸ್ವಿಚ್) ಇಳಿಸಿಯೇ ಬೋರ್ಡ್ ಬಿಚ್ಚಬೇಕು.

ಸ್ಮಾರ್ಟ್ ಬಲ್ಬನ್ನೇ ಈಗಾಗಲೇ ತಂದಿದ್ದರೆ ಆ್ಯಪ್‌ನಲ್ಲಿ ಕರೆಂಟ್ ವಾಪಸ್ ಬಂದಾಗ ಏನಾಗಬೇಕು ಅನ್ನುವ ಸೆಟ್ಟಿಂಗ್ ಹುಡುಕಿ, ಹೆಚ್ಚಿನವುಗಳಲ್ಲಿ ಇರುತ್ತದೆ. ಅದನ್ನು ಆಫ್ ಅಥವಾ ಮೊದಲಿದ್ದ ಸ್ಥಿತಿ ಅಂತ ಇಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದ ಕೂಡಲೇ ಮಲಗುವ ಕೋಣೆಯ ಬಲ್ಬ್ ಪೂರ್ತಿ ಬೆಳಕಿನಲ್ಲಿ ಹೊತ್ತಿ ನಿಲ್ಲುತ್ತದೆ. ನಮ್ಮ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ ಅಲ್ವಾ.

ಈಗ ಪಂಪ್. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡಬೇಡಿ. ಗುಂಪಿನಲ್ಲಿ ಒಬ್ಬರು 16 ಆಂಪಿಯರಿನ ಸ್ಮಾರ್ಟ್ ಪ್ಲಗ್ಗಿಗೆ (ಸ್ಪೀಕರಿನ ಮಾತಿಗೆ ಆನ್ ಆಫ್ ಆಗುವ ಪ್ಲಗ್) ಒಂದು ಎಚ್‌ಪಿ ಪಂಪ್ ಚುಚ್ಚಿದರೆ ಸಾಕು ಅಂತ ಬರೆದಿದ್ದಾರೆ. ಲೆಕ್ಕದಲ್ಲಿ ಅದು ಸರಿ ಅಂತಲೇ ಕಾಣುತ್ತದೆ, ಯಾಕೆಂದರೆ ಒಂದು ಎಚ್‌ಪಿ ಅಂದರೆ 746 ವ್ಯಾಟ್, ಓಡುವಾಗ ಐದಾರು ಆಂಪಿಯರ್ ಎಳೆಯುತ್ತದೆ. ಆದರೆ ಮೋಟಾರ್ ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಪ್ಲಗ್ ಒಳಗಿನ ಸಣ್ಣ ರಿಲೇಯ ಕಾಂಟ್ಯಾಕ್ಟ್ ಆ ಏಟಿಗೆ ಸುಟ್ಟು ಸುಟ್ಟು ಒಂದು ದಿನ ಅಂಟಿಕೊಳ್ಳುತ್ತದೆ. ಆಗ ನೀವು ಆಫ್ ಅಂದರೆ ಆ್ಯಪ್ ಆಫ್ ಅಂತಲೇ ತೋರಿಸುತ್ತದೆ, ಪಂಪ್ ಮಾತ್ರ ಓಡುತ್ತಲೇ ಇರುತ್ತದೆ. ಬಾವಿಯಲ್ಲಿ ನೀರು ಮುಗಿದರೆ ಮೋಟಾರ್ ಸುಟ್ಟಿತು ಅಂತಲೇ ಲೆಕ್ಕ. ಅದಕ್ಕಿಂತ ದೊಡ್ಡ ಹೆದರಿಕೆ ಮನುಷ್ಯರದು. ಏಪ್ರಿಲ್ ತಿಂಗಳಲ್ಲಿ ನೀರು ಕೆಳಗೆ ಹೋದಾಗ ಯಾರಾದರೂ ಪೈಪಿನ ಬುಡದ ಫುಟ್‌ವಾಲ್ವ್ ನೋಡಲಿಕ್ಕೆ ಬಾವಿಗೆ ಇಳಿದಿರುತ್ತಾರೆ, ಚಾವಡಿಯಲ್ಲಿ ಕೂತವರಿಗೆ ಅದು ಕಾಣುವುದಿಲ್ಲ. ಟಿವಿಯ ಮಾತಿಗೇ ಎಚ್ಚರಾಗುವ ಒಂದು ಯಂತ್ರದ ಕೈಗೆ ಆ ಮೋಟಾರ್ ಕೊಡಬಾರದು.

ತೋಟಕ್ಕೆ ಮೂರು ಫೇಸಿನ 3 ಅಥವಾ 5 ಎಚ್‌ಪಿ ಇದ್ದರೆ ಪ್ಲಗ್ಗಿನ ಮಾತೇ ಇಲ್ಲ. ಅದಕ್ಕೆ ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಉಂಟು. ಇದೇ ಗುಂಪಿನಲ್ಲಿ ಎಷ್ಟೋ ಜನ ಹಾಕಿಸಿದ್ದಾರೆ. ಕಾಲ್ ಅಥವಾ ಮೆಸೇಜಿನಿಂದ ನಡೆಯುತ್ತದೆ, ಮನೆಯ ವೈಫೈ ಬೇಡ. ತರುವಾಗ ಒಂದು ಫೇಸ್ ಹೋದರೆ ತಾನೇ ನಿಲ್ಲುವ, ನೀರು ಎಳೆಯದಿದ್ದರೆ ತಾನೇ ನಿಲ್ಲುವ ಎರಡೂ ವ್ಯವಸ್ಥೆ ಇರುವುದನ್ನೇ ನೋಡಿ ತನ್ನಿ. ಮನೆಯ ಮೇಲಿನ ಟ್ಯಾಂಕಿಗೆ ಸಣ್ಣ ಪಂಪ್ ಇದ್ದರೆ ಫ್ಲೋಟ್ (ನೀರಿನ ಮೇಲೆ ತೇಲಿ ಮಟ್ಟ ತಿಳಿಸುವ ಭಾಗ) ಹಾಕಿದ ಆಟೋಮ್ಯಾಟಿಕ್ ಕಂಟ್ರೋಲರ್ ಸಾಕು, ಯಾರೂ ಏನೂ ಹೇಳುವುದೇ ಬೇಡ.

ಗೀಸರ್ 2 ಕಿಲೋವ್ಯಾಟಿನದು ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ. ಹಾಗಾಗಿ 10 ಆಂಪಿಯರ್ ಪ್ಲಗ್ ಬೇಡ, 16ರದ್ದೇ ಬೇಕು. ಅದೂ ಬಚ್ಚಲಿನ ಒಳಗೆ ಬೇಡ. ನಿಮ್ಮಲ್ಲಿ ಹಂಡೆ ಇದ್ದರೆ ಆ ಯೋಚನೆಯೇ ಇಲ್ಲ.

ವೈಫೈ ಬಗ್ಗೆ ನೀವು ಕೇಳಿಲ್ಲ, ಆದರೆ ತೊಂದರೆ ಶುರುವಾಗುವುದು ಅಲ್ಲಿಂದಲೇ. ಸ್ಪೀಕರ್ ತನ್ನ ಹೆಸರನ್ನು ಮಾತ್ರ ತನ್ನೊಳಗೇ ಗುರುತಿಸುತ್ತದೆ, ಆಮೇಲಿನ ಮಾತನ್ನು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿಗೆ ಕಳಿಸಿ ಅಲ್ಲಿಂದ ಉತ್ತರ ತರಿಸುತ್ತದೆ. ಇಂಟರ್ನೆಟ್ ಇಲ್ಲದಿದ್ದರೆ ಅದು ಸುಮ್ಮನೆ ಒಂದು ಡಬ್ಬಿ. ನಮ್ಮ ಕಡೆಯ ಮುರಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಇಂಥ ಪ್ಲಗ್, ರಿಲೇಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ರೂಟರಿನಲ್ಲಿ 5 ಗಿಗಾಹರ್ಟ್ಸಿನದು ಬೇರೆ ಹೆಸರಲ್ಲಿ ಬರುತ್ತಿದ್ದರೆ, ಸೆಟ್ ಮಾಡುವಾಗ ಫೋನನ್ನು 2.4ರದ್ದಕ್ಕೆ ಹಾಕಿಕೊಳ್ಳಿ. ಎಷ್ಟು ಸಲ ಮಾಡಿದರೂ ಕನೆಕ್ಟ್ ಆಗುತ್ತಿಲ್ಲ ಅನ್ನುವವರದು ಹೆಚ್ಚಾಗಿ ಇದೇ ಕತೆ. ಅಪ್ಪನ ಫೋನಿನ ಹಾಟ್‌ಸ್ಪಾಟ್‌ನಲ್ಲಿ ನಡೆಸುತ್ತೇನೆ ಅಂದರೆ ಆಗುವುದಿಲ್ಲ, ಅವರು ಪೇಟೆಗೆ ಹೊರಟರೆ ಅಮ್ಮನಿಗೆ ಸ್ಪೀಕರ್ ಇಲ್ಲ. ಫೈಬರ್ ಬಾರದ ಜಾಗವಾದರೆ ಸಿಮ್ ಹಾಕುವ 4ಜಿ ರೂಟರ್ ಇಡಿ, ಸಿಗ್ನಲ್ ಇರುವ ಕಿಟಕಿಯ ಹತ್ತಿರ. ಇನ್ವರ್ಟರ್ ಇದ್ದರೆ ಫೈಬರ್ ಡಬ್ಬಿ, ರೂಟರ್, ಸ್ಪೀಕರ್ ಮೂರನ್ನೂ ಅದರ ಲೈನಿಗೆ ಹಾಕಿ, ಒಂದು ಬಿಟ್ಟರೂ ಉಳಿದವು ಇದ್ದು ಪ್ರಯೋಜನ ಇಲ್ಲ. ಕರೆಂಟ್ ಬಿಲ್ಲಿನ ಚಿಂತೆ ಬೇಡ. ಮೂರು ವ್ಯಾಟ್ ಅಂತ ಹಿಡಿದರೂ ಸ್ಪೀಕರಿಗೆ ತಿಂಗಳಿಗೆ ಎರಡು ಯೂನಿಟ್ ಚಿಲ್ಲರೆ.

ಸಿಡಿಲಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಪತ್ತನಾಜೆಗೆ (ಮೇ ಕೊನೆಗೆ ಬರುವ ತುಳುವರ ಹಬ್ಬ) ಮೊದಲಿನ ಸಂಜೆಗಳು, ಮತ್ತೆ ದೀಪಾವಳಿ ಹೊತ್ತಿನ ಗುಡುಗು, ಎರಡೂ ಕೆಟ್ಟವು. ಬಾಯಲ್ಲಿ ಆಫ್ ಅಂದರೆ ರಿಲೇಯಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತದೆ, ಸಿಡಿಲಿಗೆ ಅದು ಲೆಕ್ಕವೇ ಅಲ್ಲ. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಇಡಬೇಕು, ರೂಟರಿನದೂ. ಗುಡುಗು ಶುರುವಾಗುವ ಮೊದಲೇ. ಇದನ್ನು ಅಪ್ಪ ಅಮ್ಮ ಇಬ್ಬರಿಗೂ ತೋರಿಸಿಕೊಡಿ. ಬಗ್ಗದೆ ಕೈಗೆ ಸಿಗುವ ಎತ್ತರದಲ್ಲಿ ಪ್ಲಗ್ ಪಾಯಿಂಟ್ ಮಾಡಿಸಿದರೆ ಒಳ್ಳೆಯದು. ಅರ್ಥಿಂಗ್ ಗುಂಡಿಯನ್ನು ಒಮ್ಮೆ ಪರೀಕ್ಷೆ ಮಾಡಿಸಿ.

ಸ್ಪೀಕರ್ ಎಲ್ಲಿ ಇಡುವುದು? ಚಾವಡಿಯಲ್ಲಿ, ಗೋಡೆಯಿಂದ ಸ್ವಲ್ಪ ಬಿಟ್ಟು, ಟಿವಿಯಿಂದ ದೂರ. ಜಗಲಿಯಲ್ಲಿ ಬೇಡ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಜುಲೈಯಲ್ಲಿ ಅಂಗಳದ ತಗಡಿನ ಶೀಟಿನ ಮೇಲೆ ಮಳೆ ಹೊಡೆಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ, ಇದಕ್ಕೆ ಎಲ್ಲಿಂದ ಕೇಳಬೇಕು! ಬಟ್ಟೆ ಹೊದಿಸಿದ ಸ್ಪೀಕರಿಗೆ ಬೂಸಲೂ ಬರುತ್ತದೆ, ಆಗಾಗ ಒಣ ಬಟ್ಟೆಯಿಂದ ಒರೆಸಬೇಕು. ಕಡಲ ಹತ್ತಿರದವರು ಪ್ಲಗ್ಗಿನ ಪಿನ್ನುಗಳಿಗೆ ಕಿಲುಬು ಹಿಡಿದಿದೆಯಾ ನೋಡುತ್ತಿರಿ, ಕಿಲುಬು ಹಿಡಿದ ಪಿನ್ ಬಿಸಿಯಾಗುತ್ತದೆ.

ಮನೆ ಮಾತು ಕೇಳಿಕೊಂಡು ಕೂರುತ್ತದಾ ಅಂದಿರಿ. ತನ್ನ ಹೆಸರು ಬಂತಾ ಅಂತ ಸದಾ ಕಿವಿಗೊಟ್ಟಿರುತ್ತದೆ, ಹೆಸರು ಕೇಳಿದ ಮೇಲಿನದು ರೆಕಾರ್ಡ್ ಆಗಿ ಹೋಗುತ್ತದೆ. ಹೆಸರಿನ ಹಾಗೆ ಕೇಳುವ ಬೇರೆ ಶಬ್ದಕ್ಕೂ ಕೆಲವು ಸಲ ಎಚ್ಚರಾಗುತ್ತದೆ. ಹಾಗಾಗಿ ಮಲಗುವ ಕೋಣೆಯಲ್ಲಿ ಇಡಬೇಡಿ. ಸ್ಪೀಕರಿನ ಮೇಲೆ ಮೈಕ್ ಬಂದ್ ಮಾಡುವ ಗುಂಡಿ ಉಂಟು, ಒತ್ತಿದರೆ ಕೆಂಪು ದೀಪ ಬರುತ್ತದೆ. ಜಾಗದ ವ್ಯವಹಾರ, ಬ್ಯಾಂಕಿನ ಮಾತು ಇದ್ದಾಗ ಒತ್ತಿ. ಆ್ಯಪ್‌ನಲ್ಲಿ ರೆಕಾರ್ಡ್ ಉಳಿಸಬೇಡ ಅನ್ನುವ ಆಯ್ಕೆ ಇದೆ, ನಮ್ಮ ಮನೆಯಲ್ಲಿ ಹೆಸರುಗಳ ಕೆಲಸ ಮುಗಿದ ಮೇಲೆ ಅದನ್ನೇ ಇಟ್ಟಿದ್ದೇವೆ. ಬಾಯಲ್ಲಿ ಹೇಳಿ ಸಾಮಾನು ಖರೀದಿಸುವ ಸೌಲಭ್ಯವನ್ನು ಮೊದಲ ದಿನವೇ ಆಫ್ ಮಾಡಿ.

ತಮ್ಮನಿಗೆ ಒಂದು ವಿಷಯ ನೀವೇ ಹೇಳಬೇಕು. ಡ್ರಾಪ್ ಇನ್ ಅಂತ ಒಂದು ಸೌಲಭ್ಯ ಇದೆ. ಅದರಲ್ಲಿ ಅವರು ಬೆಂಗಳೂರಿನಿಂದ ಕರೆ ಮಾಡಿದರೆ ಇಲ್ಲಿ ಯಾರೂ ಎತ್ತಬೇಕೆಂದಿಲ್ಲ, ಚಾವಡಿಯ ಮಾತು ನೇರ ಕೇಳುತ್ತದೆ. ಅಪ್ಪ ಬಿದ್ದಿದ್ದಾರಾ, ಹುಷಾರಿದ್ದಾರಾ ಅಂತ ತಿಳಿಯಲಿಕ್ಕೆ ಅದು ಒಳ್ಳೆಯದೇ. ಆದರೆ ಅಪ್ಪ ಅಮ್ಮನಿಗೆ ಹೇಳಿ, ಅವರು ಒಪ್ಪಿದರೆ ಮಾತ್ರ ಆನ್ ಮಾಡಿ. ವಯಸ್ಸಾಯಿತು ಅಂತ ಅವರ ಮನೆಯಲ್ಲಿ ಅವರನ್ನೇ ಕೇಳದೆ ಕಿವಿ ಇಡುವುದು ಸರಿಯಲ್ಲ. ಅದರ ಬದಲು ಅನೌನ್ಸ್‌ಮೆಂಟ್ ಬಳಸಬಹುದು. ನಿಮ್ಮ ತಮ್ಮ ಫೋನಿನಲ್ಲಿ ತುಳುವಿನಲ್ಲಿ ಮಾತಾಡಿ ಕಳಿಸಿದರೆ ಇಲ್ಲಿ ಅವರ ಸ್ವರದಲ್ಲೇ ಕೇಳುತ್ತದೆ. ನಮ್ಮ ಅಮ್ಮನಿಗೆ ಬಿಪಿ ಮಾತ್ರೆಯ ನೆನಪು ಯಂತ್ರದ ಇಂಗ್ಲಿಷಿಗಿಂತ ಮೊಮ್ಮಗಳ ಸ್ವರದಲ್ಲಿ ಬಂದರೆ ಖುಷಿ. ತುರ್ತಿಗೆ ಮಾತ್ರ ಇದನ್ನು ನಂಬಬೇಡಿ. 108, 112ಕ್ಕೆ ಕರೆ ಮಾಡುವ ಯಂತ್ರ ಇದಲ್ಲ. ಸಾದಾ ಫೋನ್ ದೊಡ್ಡ ಗುಂಡಿಯದ್ದು ಹಾಸಿಗೆಯ ಪಕ್ಕ ಇರಲೇಬೇಕು.

ಉಳಿದಂತೆ ದಿನದ ಉಪಯೋಗ. ಅಮ್ಮ ಕುಚ್ಚಲಕ್ಕಿ ಇಟ್ಟು ಟೈಮರ್ ಹೇಳುತ್ತಾರೆ, ಕಾಯಿ ತುರಿಯುವ ಕೈಯಲ್ಲಿ ಫೋನ್ ಮುಟ್ಟಬೇಕಾಗಿಲ್ಲ. ಅಪ್ಪನಿಗೆ ತಾಳಮದ್ದಳೆ ಬೇಕು. ಯಕ್ಷಗಾನದ ಪ್ರಸಂಗದ ಹೆಸರು ಹೇಳಿದರೆ ಸ್ಪೀಕರ್ ಎಲ್ಲೆಲ್ಲಿಗೋ ಹೋಗುತ್ತದೆ. ಅದಕ್ಕೆ ಫೋನನ್ನು ಬ್ಲೂಟೂತ್‌ನಲ್ಲಿ ಜೋಡಿಸಿ, ಫೋನಿನಲ್ಲೇ ಪ್ರಸಂಗ ಹಾಕಿ ಕೊಡುತ್ತೇನೆ, ಆಕಾಶವಾಣಿಯೂ ಹಾಗೆಯೇ ಆ್ಯಪ್‌ನಿಂದ. ಶಬ್ದ ಜಾಸ್ತಿ ಕಡಿಮೆ ಮಾಡುವುದು, ನಿಲ್ಲಿಸುವುದು ಅಪ್ಪ ಬಾಯಲ್ಲೇ ಹೇಳುತ್ತಾರೆ. ಎಲ್ಲಕ್ಕಿಂತ ಉಪಕಾರ ಆಗಿದ್ದು ಅಂಗಳ ಮತ್ತು ಹಟ್ಟಿಯ ಲೈಟಿನಿಂದ. ರಾತ್ರಿ ದನ ಕೂಗಿದರೆ ಅಪ್ಪ ಮೊದಲು ಲೈಟ್ ಹಾಕಿಸಿ, ಮೆಟ್ಟಿಲು ನೋಡಿಕೊಂಡು ಇಳಿಯುತ್ತಾರೆ.

ನೀವು ಶುರು ಮಾಡುವುದಾದರೆ ಒಂದು ಸಣ್ಣ ಸ್ಪೀಕರ್, ಅಂಗಳಕ್ಕೆ ಒಂದು ರಿಲೇ, ಹಟ್ಟಿಗೆ ಒಂದು, ಇಷ್ಟೇ ಸಾಕು. ಹಟ್ಟಿಯವರೆಗೆ ವೈಫೈ ಹೋಗುತ್ತದಾ ಅಂತ ಫೋನ್ ಹಿಡಿದು ಅಲ್ಲಿ ನಿಂತು ನೋಡಿ, ಆಮೇಲೆ ತರಿಸಿ. ನಿಮ್ಮ ಚಾವಡಿಯ ಸ್ವಿಚ್ ಬೋರ್ಡಿನ ಫೋಟೊ ಇಲ್ಲಿ ಹಾಕಿ, ಪ್ಲಗ್ ಪಾಯಿಂಟ್ ಅದರಲ್ಲೇ ಇದೆಯಾ, ಮಾಡ್ಯೂಲ್ ಕೂರುವಷ್ಟು ಡಬ್ಬಿ ಆಳ ಇದೆಯಾ ನೋಡಿ ಹೇಳುತ್ತೇನೆ.