ಸೈಲೆನ್ಸರ್ ತೂತಾಗಿದೆ: ವೆಲ್ಡಿಂಗ್ ಸಾಕೇ, ಹೊಸದೇ ಬೇಕೇ?

ಪ್ರಶ್ನೆ: ನಮ್ಮದು 2011ರ ಪೆಟ್ರೋಲ್ ವ್ಯಾಗನ್ ಆರ್. ಮನೆ ಮಲ್ಪೆಯಲ್ಲಿ, ಕಡಲಿಗೆ ಕೂಗಳತೆಯ ದೂರ. ಓಡಾಟ ಹೆಚ್ಚೆಂದರೆ ಆದಿಉಡುಪಿ ಸಂತೆಯವರೆಗೆ. ಮಂಗಳೂರಿಗೆ ಹೋಗುವುದು ಅಪರೂಪ. ಕೆಲವು ತಿಂಗಳಿಂದ ಕಾರು ಟ್ರ್ಯಾಕ್ಟರಿನಂತೆ ಸದ್ದು ಮಾಡುತ್ತಿದೆ. ಗ್ಯಾರೇಜಿನವರು ಎಕ್ಸಾಸ್ಟ್ ಲೈನ್ (ಎಂಜಿನ್ನಿನಿಂದ ಹಿಂದಿನವರೆಗಿನ ಹೊಗೆ ಕೊಳವೆ) ಪೂರ್ತಿ ಬದಲಿಸಬೇಕು ಎನ್ನುತ್ತಾರೆ. ವೆಲ್ಡಿಂಗ್‌ನವರು ಪ್ಯಾಚ್ ಸಾಕು ಎನ್ನುತ್ತಾರೆ. ಮಗನಂತೂ ಕಾರನ್ನೇ ಮಾರಿ ಎನ್ನುತ್ತಾನೆ. ಯಾರ ಮಾತು ಕೇಳಲಿ?
– ಓದುಗರು, ಮಲ್ಪೆ

ಉತ್ತರ: ಮೂವರ ಮಾತನ್ನೂ ಸದ್ಯ ಬದಿಗಿಡಿ. ತೂತು ಎಲ್ಲಿದೆ ಎಂದು ಮೂವರಲ್ಲಿ ಒಬ್ಬರೂ ಹೇಳಿದಂತಿಲ್ಲ. ಖರ್ಚು ಎಷ್ಟು, ಅವಸರ ಎಷ್ಟು ಎಂಬುದೆಲ್ಲ ನಿಂತಿರುವುದು ಅದರ ಮೇಲೆ.

ಅದನ್ನು ನೀವೇ ಪತ್ತೆ ಮಾಡಬಹುದು. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ, ಬಯಲಲ್ಲಿ ಕಾರು ನಿಲ್ಲಿಸಿ ಸ್ಟಾರ್ಟ್ ಮಾಡಿ. ಇನ್ನೊಬ್ಬರು ದಪ್ಪ ಬಟ್ಟೆಯ ಉಂಡೆಯನ್ನು ಹಿಂದಿನ ಪೈಪಿನ ಬಾಯಿಗೆ ಎರಡು ಮೂರು ಸೆಕೆಂಡು ಒತ್ತಿ ಹಿಡಿಯಲಿ. ಹೊಗೆ ತಪ್ಪಿಸಿಕೊಳ್ಳುವ ಜಾಗದಲ್ಲಿ ‘ಸುಸ್’ ಎಂಬ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ನಂತರ ಎಂಜಿನ್ ನಿಲ್ಲಿಸಿ, ಬಗ್ಗಿ ಟಾರ್ಚ್ ಬಿಟ್ಟು ನೋಡಿ. ಸೋರುವ ಜಾಯಿಂಟಿನ ಸುತ್ತ ಕಪ್ಪು ಮಸಿ ಕೂತಿರುತ್ತದೆ. ಮಫ್ಲರನ್ನು, ಅಂದರೆ ಸದ್ದು ಅಡಗಿಸುವ ಹಿಂಬದಿಯ ತಗಡಿನ ಡಬ್ಬವನ್ನು, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಕಣಕಣ ಎನ್ನುತ್ತದೆ. ತುಕ್ಕು ತಿಂದದ್ದು ಮಂಕಾಗಿ ‘ದಪ್’ ಎಂದು, ಒಳಗೆ ಹಕ್ಕಳೆ ಉದುರುವ ಸದ್ದು ಬರುತ್ತದೆ. ತುದಿಯಿಂದ ಒತ್ತಿದರೆ ಒಳಗೇ ಇಳಿಯುವಂತಿದ್ದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು. ಬರೀ ಜಾಕ್ ನಂಬಿ ಕಾರಿನ ಅಡಿಗೆ ಮಾತ್ರ ಹೋಗಬೇಡಿ.

ನಿಮ್ಮ ವಿವರ ಓದಿದರೆ ನನಗೆ ಅನುಮಾನ ಹಿಂಬದಿಯ ಮಫ್ಲರ್ ಮೇಲೆ. ಕರಾವಳಿಯವರು ಉಪ್ಪು ಗಾಳಿಯನ್ನು ದೂರುತ್ತಾರೆ. ಅದು ಸರಿ, ಮೀನಿನ ಲಾರಿಗಳು ರಸ್ತೆಯುದ್ದಕ್ಕೂ ಚೆಲ್ಲುವ ನೀರನ್ನೂ ಅದಕ್ಕೆ ಸೇರಿಸಿ. ಆದರೆ ಮಫ್ಲರ್ ಹೆಚ್ಚಾಗಿ ಕೊಳೆಯುವುದು ಒಳಗಿನಿಂದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹೊರಬೀಳುತ್ತದೆ. ದೂರದ ಪ್ರಯಾಣದಲ್ಲಿ ಪೈಪು ಚೆನ್ನಾಗಿ ಕಾದು ಎಲ್ಲ ಹಾರಿಹೋಗುತ್ತದೆ. ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಮಫ್ಲರ್ ಬಿಸಿಯೇರುವುದೇ ಇಲ್ಲ. ಆವಿ ತಣ್ಣಗಾಗಿ, ಹೊಗೆಯ ಆಮ್ಲೀಯ ಅಂಶದೊಂದಿಗೆ ಅಲ್ಲೇ ತಂಗುತ್ತದೆ. ಮಂಗಳೂರಿಗೆ ಆಗಾಗ ಹೋಗಿಬರುವ ಕಾರಿಗಿಂತ ಸಂತೆಗಷ್ಟೇ ಹೋಗುವ ನಿಮ್ಮ ಕಾರಿನ ಸೈಲೆನ್ಸರ್ ಬೇಗ ಹಾಳಾಗುವುದು ಇದರಿಂದ.

ಈಗ ತೀರ್ಮಾನಕ್ಕೆ ಬರೋಣ. ತೂತು ಹಿಂದಿನ ಮಫ್ಲರಿನಲ್ಲಿದ್ದರೆ ಈ ವಾರವೇ ಆಗಬೇಕೆಂಬ ಅವಸರವಿಲ್ಲ. ಮುಂದೆ ಅಥವಾ ಕ್ಯಾಬಿನ್ನಿನ ಅಡಿಯಲ್ಲಿದ್ದರೆ ನಾಳೆಗೂ ಮುಂದೂಡಬೇಡಿ. ಮಳೆಗಾಲದಲ್ಲಿ ಗಾಜು ಏರಿಸಿ ಓಡಿಸುತ್ತೇವೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾರಿನಲ್ಲಿ ಕೂತಾಗ ತಲೆನೋವು, ಇಳಿದ ಮೇಲೆ ಆರಾಮ ಎಂಬ ಅನುಭವ ಮನೆಯ ಯಾರಿಗಾದರೂ ಆಗಿದ್ದರೆ ಕಾರನ್ನು ಇವತ್ತೇ ನಿಲ್ಲಿಸಿ. ಎಂಜಿನ್ ಹತ್ತಿರದ ಸೋರಿಕೆಗೆ ಇನ್ನೊಂದು ಕಾಟವಿದೆ. ಅಲ್ಲಿಂದ ಒಳನುಗ್ಗುವ ಹೊರಗಾಳಿಯನ್ನು ಕಂಡು, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಸಾಲದೆಂದು ಮೋಸಹೋಗುತ್ತದೆ, ಎಂಜಿನ್ ಬೇಡದ ಪೆಟ್ರೋಲ್ ಕುಡಿಯುತ್ತದೆ. ಇಂಥ ಕಡೆ ಎಷ್ಟೋ ಸಲ ಹೋಗಿರುವುದು ಜಾಯಿಂಟಿನ ನಡುವಿನ ಪ್ಯಾಕಿಂಗ್ ಮಾತ್ರ, ಅಗ್ಗದ ಸಾಮಾನು.

ಪ್ಯಾಚ್ ವಿಚಾರ. ನಮ್ಮ ಬಂದರಿನ ಸುತ್ತಮುತ್ತ ಬೋಟಿನ ಕಬ್ಬಿಣ ಬೆಸೆದು ಪಳಗಿದವರಿದ್ದಾರೆ, ಅವರ ಕೈಗುಣದ ಬಗ್ಗೆ ತಕರಾರಿಲ್ಲ. ಆದರೆ ಬೆಸುಗೆಗೆ ಹಿಡಿದುಕೊಳ್ಳಲು ಗಟ್ಟಿ ಲೋಹ ಬೇಕಲ್ಲ! ಪೈಪಿನಲ್ಲಿ ಬಿರುಕು ಬಿಟ್ಟಿದ್ದರೆ, ಬ್ರಾಕೆಟ್ ಕಿತ್ತಿದ್ದರೆ ವೆಲ್ಡಿಂಗ್ ಧಾರಾಳವಾಗಿ ಸಾಕು. ತುಕ್ಕು ಹಿಡಿದ ಮಫ್ಲರಿಗೆ ಹೊಡೆದ ಪ್ಯಾಚ್ ಪಕ್ಕದಲ್ಲೇ ಹೊಸ ತೂತಿಗೆ ದಾರಿ ಮಾಡುತ್ತದೆ. ಬೆಸುಗೆ ಹಾಕಿಸುವುದೇ ಆದರೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ, ಇಲ್ಲವಾದರೆ ಎಂಜಿನ್ನಿನ ಕಂಪ್ಯೂಟರಿಗೆ ಅಪಾಯ.

ಇಡೀ ಲೈನ್ ಬದಲಿಸಬೇಕೆಂಬ ಮಾತನ್ನು ನಾನು ಸುಲಭವಾಗಿ ಒಪ್ಪುವುದಿಲ್ಲ. ಯಾವ ಭಾಗ ಏಕೆ ಹೋಗಿದೆ ಎಂದು ಕಾರು ಲಿಫ್ಟಿಗೆ ಏರಿಸಿ ತೋರಿಸಲು ಹೇಳಿ. ಮಫ್ಲರ್ ಮಾತ್ರ ಹೋಗಿದ್ದರೆ ಮಫ್ಲರ್, ಪ್ಯಾಕಿಂಗ್, ತೂಗುವ ರಬ್ಬರುಗಳು, ಬೋಲ್ಟು ಹೊಸದಾದರೆ ಮುಗಿಯಿತು. ರಬ್ಬರಿನಲ್ಲಿ ಕಂಜೂಸುತನ ಬೇಡ. ಹಳೆಯದು ಜೋತುಬಿದ್ದರೆ ಹೊಸ ಮಫ್ಲರಿನ ಭಾರವೆಲ್ಲ ಪೈಪಿನ ಮೇಲೆ ಬೀಳುತ್ತದೆ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ತೆಗೆದರೆ ಹಳೆಯದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇವೆ, ಗುಜರಿಯಲ್ಲೂ ಬೆಲೆಯಿದೆ. ಅದರ ಜಾಗಕ್ಕೆ ಬರೀ ಪೈಪ್ ಕೂಡಿಸುತ್ತೇನೆ ಎನ್ನುವವರಿಂದ ದೂರವಿರಿ. ಅದು ಕಾನೂನುಬಾಹಿರ, ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತೀರಿ.

ಇನ್ನು ಮಗನ ಮಾತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ನಿಮ್ಮದಕ್ಕೆ ಅದು ತುಂಬುವುದು 2026ರಲ್ಲಿ. ಆಮೇಲೆ ತಪಾಸಣೆ ಮಾಡಿಸಿ, ಶುಲ್ಕ ಕಟ್ಟಿ, ಇನ್ನೈದು ವರ್ಷಕ್ಕೆ ನವೀಕರಿಸಬೇಕು. ಎಂಜಿನ್ ಸರಿಯಿದ್ದು, ಅಡಿಭಾಗದ ಚಾಸಿಗೆ ತುಕ್ಕು ಹತ್ತಿಲ್ಲವಾದರೆ ನವೀಕರಿಸಿ, ಹೊಸ ಮಫ್ಲರ್ ಹಾಕಿಸಿ. ಸಾಧ್ಯವಾದರೆ ಪತ್ತನಾಜೆಗೆ ಮೊದಲೇ, ಮಳೆ ಹಿಡಿಯುವ ಮುನ್ನ. ಮಾರುವ ಮನಸ್ಸೇ ಗಟ್ಟಿಯಾಗಿದ್ದರೆ ಪ್ಯಾಚ್ ಹಾಕಿಸಿ, ಕೊಳ್ಳುವವರಿಗೆ ವಿಷಯ ತಿಳಿಸಿ. ಅಡಿಭಾಗವೇ ಕೊಳೆತಿದ್ದರೆ ಮಗ ಹೇಳಿದ್ದೇ ಸರಿ.

ಪ್ರಶ್ನೆ: ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀರು ತೊಟ್ಟಿಕ್ಕುತ್ತದೆ. ಅಡಿಯಲ್ಲಿ ಸಣ್ಣ ತೂತು ಕಾಣಿಸಿತು. ಎಂ-ಸೀಲ್ ಹಾಕಿ ಮುಚ್ಚಬಹುದೇ?
– ಓದುಗರು, ಬಿಜೈ, ಮಂಗಳೂರು

ಉತ್ತರ: ಮುಚ್ಚಬೇಡಿ. ಅಂಚು ನುಣುಪಾಗಿ, ಗುಂಡಗೆ, ಕಡ್ಡಿಯ ದಪ್ಪಕ್ಕಿದ್ದರೆ ಅದು ನೀರು ಇಳಿಯಲೆಂದು ತಯಾರಕರೇ ಬಿಟ್ಟ ರಂಧ್ರ. ಅಂಚು ಹರಿದಂತಿದ್ದು ಸುತ್ತಲೂ ತುಕ್ಕಿದ್ದರೆ ಮಾತ್ರ ಮೇಲಿನ ಉತ್ತರ ನಿಮಗೂ ಅನ್ವಯಿಸುತ್ತದೆ. ಮುಂಜಾನೆಯ ನೀರಿಗೆ ಹೆದರಬೇಕಾಗಿಲ್ಲ. ಎಂಜಿನ್ ಪೂರ್ತಿ ಕಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ತಲೆಭಾಗದ ಪ್ಯಾಕಿಂಗ್, ಪರೀಕ್ಷಿಸಿ.