ಬಾಣಂತನದಲ್ಲಿ ಏನೂ ಕಮ್ಮಿ ಇರಲಿಲ್ಲ, ನಿದ್ದೆ ಬಿಟ್ಟು

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 26, ಚೊಚ್ಚಲು, ಸಿಸೇರಿಯನ್, ಐದನೇ ವಾರದ ಬಾಣಂತಿ. ಕರೆದುಕೊಂಡು ಬಂದದ್ದು ಅವಳ ತಾಯಿ. ಕೂತವರೇ, "ನಾನೇನು ಕಮ್ಮಿ ಮಾಡಿದೀನಿ ಹೇಳಿ ಮೇಡಂ?" ಅಂದರು. ಎಣ್ಣೆ ನೀರು, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಸಬ್ಬಸಿಗೆ ಪಲ್ಯ, ಅಂಟಿನುಂಡೆ, ಎಲ್ಲ ಹೊತ್ತುಹೊತ್ತಿಗೆ ನಡೆದಿತ್ತು. ಆದರೂ ಮಗಳು ಸುಮ್ನೆ ಅಳುತ್ತಾಳೆ, ಮಗು ಮಲಗಿದರೂ ತಾನು ಮಲಗಲ್ಲ, ಉಸಿರಾಡ್ತಿದೆಯಾ ಅಂತ ಅದರ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿರುತ್ತಾಳೆ.

ತಾಯಿಯನ್ನು ಹೊರಗೆ ಕೂರಿಸಿ ಅವಳೊಬ್ಬಳ ಜೊತೆ ಮಾತಾಡಿದೆ. "ನೋಡೋಕೆ ಬಂದೋರೆಲ್ಲ ಹಾಲು ಸಾಲುತ್ತಾ ಅಂತ ಕೇಳ್ತಾರೆ ಮೇಡಂ. ಬರೀ ಅದೇ."

ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಅಳು ಬರುವುದು ಬಹಳ ಜನಕ್ಕೆ ಇದ್ದದ್ದೇ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಇವಳದು ಹೋಗಿರಲಿಲ್ಲ. ಬಾಣಂತಿಯರ ಖಿನ್ನತೆ ಗುರುತಿಸುವ ಎಡಿನ್‌ಬರೋ ಪ್ರಶ್ನಾವಳಿ ತೆಗೆದೆ. ಹಿಂದಿನ 7 ದಿನಗಳ ಬಗ್ಗೆ 10 ಪ್ರಶ್ನೆ, 30ಕ್ಕೆ ಅಂಕ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರುವ ಸಾಧ್ಯತೆ ಜಾಸ್ತಿ, ಇವಳದು 17. ಹತ್ತನೆಯದು ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆಯ ಬಗ್ಗೆ. "ಯಾವಾಗಲೋ ಒಮ್ಮೆ" ಅಂದಳು. ಹೇಗೆ, ಯಾವಾಗ ಅಂತೆಲ್ಲ ಯೋಚಿಸಿದ್ದೀಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದಳು. ಆದರೂ ಅವಳನ್ನೇ ಕೇಳಿ, ತಾಯಿಗೆ ತಿಳಿಸಿ, ಅವತ್ತೇ ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸಿ ಸರ್ಟ್ರಾಲಿನ್ ಅನ್ನೋ ಖಿನ್ನತೆಯ ಮಾತ್ರೆ ಶುರು ಮಾಡಿದರು. ಹಾಲು ಕೊಡಬಹುದಾ ಅನ್ನೋದು ತಾಯಿಯ ಮೊದಲ ಪ್ರಶ್ನೆ. ಕೊಡಬಹುದು, ಈ ಮಾತ್ರೆ ಹಾಲಿಗೆ ಇಳಿಯುವುದು ತೀರಾ ಕಡಿಮೆ.

ನಾನು ಜಾಸ್ತಿ ಮಾತಾಡಿದ್ದು ನಿದ್ದೆಯ ಬಗ್ಗೆ. ರಾತ್ರಿ 10ಕ್ಕೆ ಹಾಲು ಕುಡಿಸಿ ಮಗುವನ್ನು ಅಜ್ಜಿಯ ಕೋಣೆಗೆ ಕೊಡಿ, ನಡುವೆ ಎದ್ದರೆ ಹಿಂಡಿಟ್ಟ ತಾಯಿಹಾಲನ್ನು ಒಳಲೆಯಲ್ಲಿ ಕುಡಿಸಿ, 2 ಗಂಟೆಯವರೆಗೆ ಮಗಳನ್ನು ಎಬ್ಬಿಸಲೇಬೇಡಿ. ಅವಳನ್ನು ಒಬ್ಬಳೇ ಬಿಡುವ ಹಾಗೂ ಇಲ್ಲ, ಅದಕ್ಕೆ ಗಂಡ ರಜೆ ಹಾಕಿ ಬಂದು ಜೊತೆಗಿರಲಿ ಎಂದೆ. ಬಾಣಂತಿ ಕೋಣೆಗೆ ಗಂಡಸರಾ ಎಂದು ಮನೆಯಲ್ಲಿ ಗಲಾಟೆಯಾಯಿತು. ಅಳಿಯ ಬಂದ, ಮೂರನೇ ದಿನಕ್ಕೆ ಮಗುವಿನ ಬಟ್ಟೆ ಬದಲಿಸೋದನ್ನೂ ಕಲಿತ. ಹೊಟ್ಟೆ ಬರುತ್ತದೆಂದು ನೀರನ್ನು ಲೋಟದಲ್ಲಿ ಅಳೆದು ಕೊಡುತ್ತಿದ್ದರು, ಬಾಯಾರಿದಾಗೆಲ್ಲ ಕುಡಿಯಲಿ ಎಂದೆ, ಅದಕ್ಕೆ ಒಪ್ಪಿದರು. ಸಾಂಬ್ರಾಣಿ ಹೊಗೆ ಎಳೆ ಮಗುವಿಗೆ ಒಳ್ಳೆಯದಲ್ಲ ಅಂದಿದ್ದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ!

ಒಂದು ಎಚ್ಚರಿಕೆ ಬರೆದೇ ಕೊಟ್ಟೆ. ಇದ್ದಕ್ಕಿದ್ದಂತೆ ಇಲ್ಲದ್ದು ಕೇಳಿಸುವುದು, ಅಸಂಬದ್ಧ ಮಾತು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ಅಂದರೆ ಹಿರಿಯರು ಬಾಣಂತಿ ಸನ್ನಿ ಅನ್ನೋದು, ಕಂಡರೆ ದಾರ ಕಟ್ಟಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಾರ್ಡ್ ಇದೆ. ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಅಂಕ 6ಕ್ಕೆ ಇಳಿದಿದೆ. ಹುಷಾರಾದಳಲ್ವಾ, ಮಾತ್ರೆ ನಿಲ್ಲಿಸೋಣವೇ ಎಂದು ಗಂಡ ಫೋನ್ ಮಾಡಿದ್ದ. ವೈದ್ಯರು ಹೇಳುವವರೆಗೆ ಬೇಡ ಎಂದಿದ್ದೇನೆ.