ಎಷ್ಟು ಎಣ್ಣೆ ಹಾಕಿದರೂ ಜೋಡುನಳಿಗೆ ಕೋವಿಯ ಒಳಗೆ ತುಕ್ಕು ಬರುವುದು ಯಾಕೆ?

ನೀವು ಕೇಳಿದ್ದು ಇಷ್ಟು: ಕುಮಟಾ ಹತ್ತಿರ ತೋಟ, ಅಜ್ಜನ ಕಾಲದ ಜೋಡುನಳಿಗೆ ಕೋವಿ, ಬೆಳೆ ರಕ್ಷಣೆ ಲೈಸೆನ್ಸು. ಮಂಗಗಳನ್ನು ಹೆದರಿಸಲು ಗಾಳಿಗೆ ಈಡು ಹೊಡೆದ ಮೇಲೆ ನಳಿಗೆ ಒರೆಸಿ, ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಿ ಇಡುತ್ತೀರಿ. ಆದರೂ ವಾರದೊಳಗೆ ಒಳಗೆಲ್ಲ ಕೆಂಪು ತುಕ್ಕು.

ಎಣ್ಣೆ ಕಡಿಮೆಯಾಗಿ ಹೀಗಾಗುತ್ತಿಲ್ಲ. ಎಣ್ಣೆಯ ಅಡಿಯಲ್ಲಿ ಉಪ್ಪು ಉಳಿದುಕೊಂಡಿದೆ. ‘ಹೊಡೆದಾಗ ದಟ್ಟ ಬಿಳಿ ಹೊಗೆ ಏಳುತ್ತದೆ’ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ನಿಮ್ಮ ಕಾಡತೂಸಿನಲ್ಲಿ ಇರುವುದು ಹಳೇ ಕಾಲದ ಕಪ್ಪು ಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿ ಮಾಡುವ ಮದ್ದು ಅದು, ಸುಮಾರು 75, 15, 10ರ ಪಾಲಿನಲ್ಲಿ. ಅದು ಉರಿದಾಗ ಎಲ್ಲವೂ ಗಾಳಿಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಎಂಬ ಲವಣಗಳಾಗುತ್ತದೆ. ಒಂದಿಷ್ಟು ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಉಳಿದದ್ದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಈ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ. ನಮ್ಮ ಜಿಲ್ಲೆಯ ಗಾಳಿಯಲ್ಲಿ ತೇವಕ್ಕೇನು ಬರ, ಅಲ್ವಾ? ಜೂನ್ ಬಂತೆಂದರೆ ಕಾರವಾರದಲ್ಲೂ ಅಷ್ಟೇ, ಸಿರ್ಸಿಯಲ್ಲೂ ಅಷ್ಟೇ, ಒಣಗಿದ ಬಟ್ಟೆಯೂ ಒದ್ದೆ.

ಈ ಲವಣ ಎಣ್ಣೆಗೂ ಕರಗುವುದಿಲ್ಲ, ಸೀಮೆಎಣ್ಣೆಗೂ ಕರಗುವುದಿಲ್ಲ. ನೀರಿಗೆ ಮಾತ್ರ ಕರಗುತ್ತದೆ. ಕೋವಿಗೆ ನೀರು ಹಾಕಿ ಎಂದರೆ ಜನ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ಬಾಯಿಯಿಂದ ಕಪ್ಪು ಮದ್ದು ತುಂಬುವ ಕೇಪಿನ ಕೋವಿ ಇಟ್ಟುಕೊಂಡಿದ್ದ ಹಳಬರಿಗೆ ಇದು ಹೊಸ ವಿಷಯವೇ ಅಲ್ಲ.

ಮೊದಲು ಕೋವಿ ಮಡಚಿ ಎರಡೂ ನಳಿಗೆ ಖಾಲಿ ಇದೆಯೇ ಎಂದು ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡಿ. ಆಮೇಲೆ ಮುಂದಿನ ಮರ ಬಿಚ್ಚಿ ನಳಿಗೆಯನ್ನು ಬೇರೆ ಮಾಡಿ. ತೊಳೆಯುವುದು ನಳಿಗೆಯನ್ನು ಮಾತ್ರ. ಹಿಂಬದಿಯ ಮರಕ್ಕೂ ಕುದುರೆಯ ಯಂತ್ರಕ್ಕೂ ನೀರು ತಾಗಬಾರದು. ಬಾಯಿಯನ್ನು ಬಕೆಟ್ಟಿಗೆ ಇಳಿಸಿ, ಕಾಡತೂಸು ಹಾಕುವ ಕಡೆಯಿಂದ ಚೆನ್ನಾಗಿ ಕಾದ ನೀರನ್ನು ಕೊಳವೆಯಲ್ಲಿ ಹೊಯ್ಯಿರಿ. ಮೊದಲ ನೀರು ಮಸಿಯಂತೆ ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆಯಲ್ಲಿ ಬರುತ್ತದೆ. ಅದು ಸಲ್ಫೈಡಿನ ವಾಸನೆ. ಒಂದು ಹನಿ ಸೋಪು ಹಾಕಿ ಕಂಚಿನ ಬ್ರಷ್ಷಿನಿಂದ ಉಜ್ಜಿ, ಮತ್ತೆ ಬಿಸಿ ನೀರು ಹೊಯ್ಯಿರಿ. ವಾಸನೆ ಪೂರ್ತಿ ಹೋಗುವವರೆಗೂ ಬಿಡಬೇಡಿ. ಬ್ರಷ್ಷಿನ ಸರಳನ್ನು ಹಿಂಬದಿಯಿಂದಲೇ ತೂರಿಸಿ, ಆಗ ಬಾಯಿಯ ಅಂಚು ಸವೆಯುವುದಿಲ್ಲ.

ನೀರು ಬಿಸಿ ಇರಬೇಕಾದದ್ದು ಕೊಳೆಗಿಂತ ಒಣಗುವುದಕ್ಕೆ. ಕೈ ಸುಡುವಷ್ಟು ಬಿಸಿಯಾದ ನಳಿಗೆ ತನ್ನಷ್ಟಕ್ಕೇ ಒಣಗುತ್ತದೆ. ಹಳೇ ಲುಂಗಿಯ ಬಟ್ಟೆಯಿಂದ ಒರೆಸಿ ನಿಲ್ಲಿಸಿದರೆ ಸಾಕು. ಬೇಗ ಒಣಗಲಿ ಎಂದು ಒಲೆಯ ಮೇಲೆ ಮಾತ್ರ ಹಿಡಿಯಬೇಡಿ. ಎರಡು ನಳಿಗೆ ಮತ್ತು ನಡುವಿನ ಪಟ್ಟಿಯನ್ನು ಎಷ್ಟೋ ಕೋವಿಗಳಲ್ಲಿ ಸೀಸ-ತವರದ ಬೆಸುಗೆ ಹಿಡಿದಿರುತ್ತದೆ. ಕುದಿಯುವ ನೀರಿಗೆ ಅದು ಜಗ್ಗುವುದಿಲ್ಲ, ಬೆಂಕಿಗೆ ಬಿಟ್ಟುಕೊಡುತ್ತದೆ. ಬೆಸುಗೆ ಸರಿ ಇದೆಯೇ ಎಂದು ತೊಳೆಯುವ ಮೊದಲೇ ನೋಡಿಕೊಳ್ಳಬಹುದು. ನಳಿಗೆಯನ್ನು ದಾರದಲ್ಲಿ ತೂಗುಬಿಟ್ಟು ಬೆರಳಿನಿಂದ ಮೆಲ್ಲಗೆ ತಟ್ಟಿ. ದೇವರಮನೆ ಗಂಟೆಯ ಹಾಗೆ ನಾದ ಬಂದರೆ ಒಳ್ಳೆಯದು. ಒಡಕು ಸದ್ದು ಬಂದರೆ ಪಟ್ಟಿ ಸಡಿಲಾಗಿರಬಹುದು, ಅದರೊಳಗೆ ನೀರು ಹೊಕ್ಕರೆ ಒಣಗಿಸುವುದು ಕಷ್ಟ. ಅಂಥ ನಳಿಗೆಯನ್ನು ನೀರಿಗೆ ಹಿಡಿಯದೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ.

ಒಣಗಿದ ಮೇಲೆಯೇ ಎಣ್ಣೆ. ಕೊಬ್ಬರಿ ಎಣ್ಣೆ ಬಿಟ್ಟುಬಿಡಿ. ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ, ಹಳತಾದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಹಚ್ಚಿದರೆ ಸಾಕು. ಜಾಸ್ತಿ ಹಚ್ಚಿ ಕೋವಿಯನ್ನು ನೆಟ್ಟಗೆ ನಿಲ್ಲಿಸಿದರೆ ಎಣ್ಣೆ ಕೆಳಗಿಳಿದು ಹಿಂಬದಿಯ ಮರವನ್ನು ಮೆತ್ತಗೆ ಮಾಡುತ್ತದೆ. ಹಳೇ ಕೋವಿಗಳ ಮರ ಯಂತ್ರದ ಹತ್ತಿರ ಕಪ್ಪಾಗಿರುವುದು ಹೆಚ್ಚಾಗಿ ಇದರಿಂದಲೇ. ಮೊದಲ ಒಂದೆರಡು ದಿನ ಬಾಯಿ ಕೆಳಗೆ ಮಾಡಿ ಇಡಿ.

ಪೇಟೆಯ ಅಂಗಡಿಯಲ್ಲಿ ಸಿಗುವ ಈಗಿನ ಕಾಡತೂಸಿನಲ್ಲಿ ಹೊಗೆರಹಿತ ಮದ್ದು ಇರುತ್ತದೆ, ಅದಕ್ಕೆ ಈ ಜಳಕವೆಲ್ಲ ಬೇಡ. ಕೋವಿ ಸ್ವಚ್ಛ ಮಾಡುವ ದ್ರಾವಕ (ಸಾಲ್ವೆಂಟ್), ಬ್ರಷ್ಷು, ಬಟ್ಟೆ, ಎಣ್ಣೆ, ಮುಗಿಯಿತು. ಗೂಡಿನ, ಅಂದರೆ ಕಾಡತೂಸು ಕೂರುವ ಜಾಗದ, ಮುಂದೆ ಮತ್ತು ಬಾಯಿಯ ಹತ್ತಿರ ನಳಿಗೆ ಕಿರಿದಾಗುವ ಚೋಕಿನಲ್ಲಿ ಪ್ಲಾಸ್ಟಿಕ್ ಮತ್ತು ಸೀಸದ ಗೆರೆ ಹಿಡಿಯುತ್ತದೆ, ಅಲ್ಲಿ ಸ್ವಲ್ಪ ಜಾಸ್ತಿ ಉಜ್ಜಿ.

ಆದರೆ ‘ಇನ್ನು ಅಂಗಡಿ ಕಾಡತೂಸೇ ಹೊಡೆಯುತ್ತೇನೆ’ ಎಂದು ನೀವು ಹೊರಟರೆ ಅದಕ್ಕೆ ಮೊದಲು ಒಂದು ಕೆಲಸವಿದೆ. ನಳಿಗೆಯ ಹೊರಮೈಯಲ್ಲಿ ಸುರುಳಿ ಸುರುಳಿ ಗೆರೆ ಕಾಣುತ್ತದೆಯೇ ನೋಡಿ. ಕಂಡರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ಅದಕ್ಕೆ ಈಗಿನ ಕಾಡತೂಸು ಹಾಕಲೇಬೇಡಿ. ಬರ್ಮಿಂಗ್‌ಹ್ಯಾಮ್ ಕೋವಿಯಾದರೆ ನಳಿಗೆಯ ಅಡಿಯ ಚಪ್ಪಟೆ ಜಾಗದಲ್ಲಿ ಪರೀಕ್ಷೆಯ ಮುದ್ರೆಗಳಿರುತ್ತವೆ. ಕಿರೀಟದ ಕೆಳಗೆ ಎನ್‌ಪಿ ಎಂದಿದ್ದರೆ ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ್ದು, ಆ ಗುರುತು ಬಂದದ್ದು 1904ರಲ್ಲಿ. ಅಂಥ ಕೋವಿಗೂ ಗೂಡಿನ ಉದ್ದ ಅಳೆಸಬೇಕು. ಹಳೇ ಬ್ರಿಟಿಷ್ ಕೋವಿಗಳಲ್ಲಿ ಬಹಳಷ್ಟರ ಗೂಡು ಎರಡೂವರೆ ಇಂಚು, ಈಗಿನ ಸಾಮಾನ್ಯ ಕಾಡತೂಸು 70 ಮಿಲಿಮೀಟರ್, ಅಂದರೆ ಎರಡೂಮುಕ್ಕಾಲು. ಹಾಕಿದಾಗ ಸರಿಯಾಗಿಯೇ ಕೂರುತ್ತದೆ, ಮೋಸವಿರುವುದೇ ಅಲ್ಲಿ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ.

ಈಗಾಗಲೇ ಬಂದಿರುವ ತುಕ್ಕನ್ನು ಎಣ್ಣೆ ಮತ್ತು ಕಂಚಿನ ಬ್ರಷ್ಷಿನಿಂದ ತೆಗೆಯಿರಿ, ಮರಳು ಕಾಗದ ಒಳಗೆ ಹಾಕಬೇಡಿ. ಒರೆಸಿದ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ಚುಕ್ಕೆಗಳು ಹಾಗೇ ಉಳಿದಿದ್ದರೆ ಅವು ಗುಳಿಗಳು. ಗುಳಿ ಎಷ್ಟು ಆಳ, ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಅಳೆಯುವವರೆಗೆ ಆ ಕೋವಿಯಲ್ಲಿ ಈಡು ಬೇಡ.

ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಬೀಗವಿರುವ ಕಪಾಟು, ಒಳಗೆ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ತೆಗೆದು ಒರೆಸುವುದು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುತ್ತೇವಲ್ಲ, ಆಗ ಮಾತ್ರ ಎಣ್ಣೆಯನ್ನು ಸ್ವಲ್ಪ ದಪ್ಪಗೇ ಹಚ್ಚಿ ಕೊಡಿ. ವಾಪಸ್ ಬಂದ ದಿನವೇ ಒಣ ಬಟ್ಟೆಯಿಂದ ಆ ಎಣ್ಣೆ ತೆಗೆದು, ನಳಿಗೆಯೊಳಗೆ ಏನೂ ಸಿಕ್ಕಿಕೊಂಡಿಲ್ಲ ಎಂದು ನೋಡಿಕೊಳ್ಳಿ.